ಮೂರು ನಿಮಿಷದ ತಟ್ಟೆಗೆ ಒಗ್ಗದ ಮಾನ್ವಿ ದಾಸರು

ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಸಾಕಾಗಿದ್ದ ಈ ಮೈಸೂರಿನ ಗಾಯಕನನ್ನು ಮುಂಬೈಯಲ್ಲಿ ಕೇಳಿ ಮೆಚ್ಚಿದ ಸಂಗೀತ ನಿರ್ದೇಶಕ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಿಂದ ಅದನ್ನು ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ ಎರಡು ಪದ, ಅವಕ್ಕೆ ಎಲೆಕ್ಟ್ರಿಕ್ ಗಿಟಾರು, ಬೇಸು, ಡ್ರಮ್ಸು, ಪಿಟೀಲು. 2013ರ 'ಜಗ್ ಚಂಗಾ'ದಲ್ಲೂ ಷರೀಫರು ಮತ್ತೆ ಬಂದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿದ ಮನುಷ್ಯ ಬ್ರಿಟನ್ನಿನ ಟೀವಿಯಲ್ಲಿ, ಗ್ಲಾಸ್ಟನ್‌ಬರಿಯ ಬಯಲಲ್ಲಿ ಹಾಡಿದಾಗ ಕನ್ನಡದ ಒಂದಕ್ಷರ ತಿಳಿಯದವರೂ ಕುಣಿದರು.

ರಾಯಚೂರು ಸೀಮೆಯವರಿಗೆ ಇದರಿಂದ ಸಂತೋಷ ಎಷ್ಟಾಯಿತೋ ಒಳಗೊಳಗೆ ಹೊಟ್ಟೆಕಿಚ್ಚೂ ಅಷ್ಟೇ ಆಯಿತು ಎಂದರೆ ಸುಳ್ಳಲ್ಲ. ಪದ ಕಟ್ಟಿದವರಿಗೇನು ನಮ್ಮಲ್ಲಿ ಬರವೆ? ಮಾನ್ವಿ ಮತ್ತು ದೇವದುರ್ಗ, ಈ ಎರಡು ತಾಲ್ಲೂಕುಗಳನ್ನಷ್ಟೇ ಹಿಡಿದರೂ ಹರಿದಾಸ ಸಾಹಿತ್ಯದ ಅರ್ಧ ಚರಿತ್ರೆ ಸಿಕ್ಕುತ್ತದೆ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು (1682–1755), ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು (1721–1762), ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809). ಸ್ವಲ್ಪ ಪಶ್ಚಿಮಕ್ಕೆ ಹೋದರೆ ಲಿಂಗಸುಗೂರಿನ ಪ್ರಾಣೇಶದಾಸರು. ಹಾಗಿದ್ದೂ ಪಾಪ್, ರಾಕ್ ಹಾಡುವವರ ಕಣ್ಣು ಶಿಶುನಾಳಕ್ಕೆ ಹೋಗುತ್ತದೆ, ಹೆಚ್ಚೆಂದರೆ ಪುರಂದರದಾಸರ ಕಡೆ ಹೊರಳುತ್ತದೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ದೋಆಬಿನ ಕಡೆ ಬರುವುದಿಲ್ಲ.

ಭಕ್ತಿ ಹೆಚ್ಚು, ತತ್ತ್ವ ಭಾರ, ಸಂಸ್ಕೃತ ಜಾಸ್ತಿ ಎಂದು ಕಾರಣ ಹೇಳುವವರಿದ್ದಾರೆ. ಅದರಲ್ಲಿ ಒಂದಿಷ್ಟು ನಿಜವೂ ಇದೆ. ಆದರೆ ನನ್ನ ತಕರಾರು ಬೇರೆ. ಯಾವ ದಾಸರು ಮನೆಮಾತಾಗಬೇಕು, ಯಾರು ಭಜನಾ ಮಂಡಳಿಯಲ್ಲೇ ಉಳಿಯಬೇಕು ಎಂಬುದನ್ನು ನೂರಿಪ್ಪತ್ತು ವರ್ಷಗಳಿಂದ ತೀರ್ಮಾನಿಸಿಕೊಂಡು ಬಂದಿರುವುದು ಧ್ವನಿಮುದ್ರಣದ ಯಂತ್ರ. ಅದರ ಅಳತೆಗೆ ಹೊಂದಿದ ಪದ ಗೆದ್ದಿತು, ಹೊಂದದ್ದು ಹಸ್ತಪ್ರತಿಯಲ್ಲೇ ಉಳಿಯಿತು.

ಭಾರತದಲ್ಲಿ ಗ್ರಾಮಾಫೋನ್ ಕಂಪನಿ ಮೊದಲ ಸಲ ಹಾಡು ಮುದ್ರಿಸಿದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು. ತಾಸುಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವ ಕಲೆಯನ್ನು ನಮ್ಮವರಿಗೆ ತೋರಿಸಿಕೊಟ್ಟವರು ಅವರೇ. ಎಪ್ಪತ್ತೆಂಟು ಸುತ್ತಿನ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಅಷ್ಟೇ, ಮೂರು ಮೂರೂವರೆ ನಿಮಿಷ. ಜಗತ್ತಿನ ಪಾಪ್ ಹಾಡು ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ ಉದ್ದವಿರುವುದಕ್ಕೆ ಆ ತಟ್ಟೆಯೇ ಮೂಲ. ತಟ್ಟೆ ಹೋಯಿತು, ಅಳತೆ ಉಳಿಯಿತು.

ಈ ಅಳತೆಗೆ ದೇವರನಾಮ ಚೆನ್ನಾಗಿ ಕೂತಿತು. ಪಲ್ಲವಿ, ಅನುಪಲ್ಲವಿ, ಮೂರು ಚರಣ. ಎರಡನ್ನು ಹಾಡಿ ಒಂದನ್ನು ಬಿಟ್ಟರೂ ಪದ ಮುರಿಯುವುದಿಲ್ಲ. ಮತ್ತೆ ಮತ್ತೆ ಬರುವ ಪಲ್ಲವಿ ಕೇಳುವವರ ನಾಲಿಗೆಗೆ ಹತ್ತುತ್ತದೆ. ಪುರಂದರದಾಸರ 'ಜಗದೋದ್ಧಾರನ' ಬಿ.ಎಸ್. ರಾಜಯ್ಯಂಗಾರ್ಯರ ತಟ್ಟೆಯಿಂದಲೇ ಹಳೆಯ ಮೈಸೂರಿನ ಮನೆಮನೆ ಹೊಕ್ಕಿತು. ಗದಗಿನ ಭೀಮಸೇನ ಜೋಶಿ 1942ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಎಚ್‌ಎಂವಿಗೆ ಕೊಟ್ಟ ಮೊದಲ ಮುದ್ರಿಕೆಯಲ್ಲಿದ್ದದ್ದೂ ಖಯಾಲಲ್ಲ, ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳು. ಕಂಪನಿಯವರಿಗೆ ಪೇಟೆ ಗೊತ್ತಿತ್ತು.

ಇದೇ ಲೆಕ್ಕವನ್ನು ಜಗನ್ನಾಥದಾಸರಿಗೆ ಹಚ್ಚಿ ನೋಡಿ. ಅವರ 'ಹರಿಕಥಾಮೃತಸಾರ'ದಲ್ಲಿ 32 ಸಂಧಿಗಳು, ಸಾವಿರಕ್ಕೆ ಕೊಂಚ ಕಡಿಮೆ ಭಾಮಿನಿ ಷಟ್ಪದಿಗಳು. ಒಂದು ಪದ್ಯಕ್ಕೆ ಅರ್ಧ ನಿಮಿಷ ಹಿಡಿದರೂ ಎಂಟು ತಾಸಿನ ಹಾಡಿಕೆ. ತಟ್ಟೆಯ ಒಂದು ಮಗ್ಗುಲಿಗೆ ಆರು ಪದ್ಯದಂತೆ ಹಂಚಿದರೆ ಎಂಬತ್ತಕ್ಕೂ ಹೆಚ್ಚು ತಟ್ಟೆ ಬೇಕಾಗುತ್ತಿತ್ತು. ಯಾವ ಕಂಪನಿ ಮುದ್ರಿಸೀತು, ಯಾವ ಗಿರಾಕಿ ಹೊತ್ತುಕೊಂಡು ಹೋದಾನು? ಪಲ್ಲವಿಯೂ ಇಲ್ಲ, ಎಲ್ಲಿ ನಿಲ್ಲಿಸಿದರೂ ಅರ್ಧಕ್ಕೇ ನಿಲ್ಲಿಸಿದಂತೆ. ಮಾನ್ವಿಯ ದಾಸರ ಗುಡಿಯಲ್ಲಿ ದಾಸರು ನೆಲೆಸಿದ್ದಾರೆಂದು ನಂಬುವ ಕಂಬಕ್ಕೆ ಕೈಮುಗಿದು ಸಾಲಾಗಿ ಕೂತು, ದಿನಕ್ಕಿಷ್ಟು ಸಂಧಿಯಂತೆ ಪಾರಾಯಣ ಮಾಡುವವರಿಗೆ ಹೊತ್ತಿನ ಚಿಂತೆ ಇರಲಿಲ್ಲ. ಎಚ್‌ಎಂವಿಗೆ ಇತ್ತು.

ವಿಜಯದಾಸರದು ಇನ್ನೊಂದು ತರಹದ ಕಥೆ. ಅವರ ಬಿಡಿ ಪದಗಳು ಗೆದ್ದಿವೆ. 'ಪವಮಾನ' ಹಾಡದ ಭಜನೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. 'ಸದಾ ಎನ್ನ ಹೃದಯದಲ್ಲಿ' ಭೀಮಸೇನರ ಕಂಠದಿಂದ ಮಹಾರಾಷ್ಟ್ರಕ್ಕೂ ಹೋಯಿತು. ಆದರೆ ಬಲ್ಲವರನ್ನು ಕೇಳಿದರೆ ವಿಜಯದಾಸರ ನಿಜವಾದ ಕಸುವು ಇರುವುದು ಸುಳಾದಿಗಳಲ್ಲಿ ಎನ್ನುತ್ತಾರೆ. ಸುಳಾದಿ ಎಂದರೆ ಒಂದೇ ತಾಳದ ಹಾಡಲ್ಲ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಆದಿ ಅಥವಾ ಏಕ, ಹೀಗೆ ಒಂದೊಂದು ನುಡಿಗೆ ಒಂದೊಂದು ತಾಳ, ಕೊನೆಗೆ ಎರಡು ಸಾಲಿನ ಜತೆ. ಇಂದಿನ ಲೆಕ್ಕದಲ್ಲಿ ಧ್ರುವಕ್ಕೆ ಹದಿನಾಲ್ಕು ಅಕ್ಷರ, ಮಟ್ಟಕ್ಕೆ ಹತ್ತು, ರೂಪಕಕ್ಕೆ ಆರು, ತ್ರಿಪುಟಕ್ಕೆ ಏಳು. ನಡುವೆ ತಾಳ ಬದಲಿಸುವುದನ್ನು ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ತಂಡಗಳು 1970ರ ದಶಕದಲ್ಲಿ ದೊಡ್ಡ ಸಾಹಸವೆಂದು ಮೆರೆಸಿದವು. ಎಲ್‌ಪಿ ತಟ್ಟೆಯ ಒಂದಿಡೀ ಮಗ್ಗುಲು ತುಂಬುವ ಇಪ್ಪತ್ತು ನಿಮಿಷದ ಹಾಡುಗಳನ್ನು ಕಟ್ಟಿದವು. ಚೀಕಲಪರವಿಯ ಬಡ ಬ್ರಾಹ್ಮಣ ಅದನ್ನು ಎರಡೂವರೆ ಶತಮಾನ ಮೊದಲೇ, ತಂಬೂರಿ ಮತ್ತು ತಾಳದ ಬಲದಲ್ಲೇ ಮಾಡಿಟ್ಟಿದ್ದ. ಸುಳಾದಿಯ ಹಳೆಯ ಮಟ್ಟುಗಳು ಬಹುಪಾಲು ಕಳೆದುಹೋಗಿವೆ. ಈಗ ಕೇಳಸಿಗುವುದರಲ್ಲಿ ಹೆಚ್ಚಿನವು ವಿದ್ವಾಂಸರು ಇತ್ತೀಚೆಗೆ ರಾಗಮಾಲಿಕೆಯಲ್ಲಿ ಕೂಡಿಸಿದವು.

ಈ ದಾಸರ ಮಾತು ಬಂದಾಗ ಮಡಿವಂತಿಕೆಯ ವಾಸನೆ ಹಿಡಿದು ದೂರ ಸರಿಯುವ ಹುಡುಗರಿಗೆ ನಮ್ಮ ಕಡೆ ಹೇಳುವ ಒಂದು ಐತಿಹ್ಯವನ್ನು ಹೇಳಬೇಕು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಹಾಡುತ್ತ, ಗೆಜ್ಜೆ ಕಟ್ಟಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ಹೊಟ್ಟೆನೋವು ನಿಜವಾಗಿಯೇ ಬಂದು ಪ್ರಾಣಕ್ಕೆ ಕುತ್ತಾಯಿತು. ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಜೋಳದ ಭಕ್ರಿ ತಿನ್ನಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರು. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನಗೆ ಇದರಲ್ಲಿ ರುಚಿಸುವುದು ಬೇರೆ ಸಂಗತಿ: ಕಾಲಿಗೆ ಗೆಜ್ಜೆ ಕಟ್ಟಿದವನನ್ನು ಕಂಡು ಪಂಡಿತ ಮೂಗು ಮುರಿಯುವುದು ಹದಿನೆಂಟನೆಯ ಶತಮಾನದ ಮಾನ್ವಿಯಲ್ಲೂ ಇತ್ತು. ಮಧುಕರಿಯ ಭಿಕ್ಷೆಗೆ ಹೊರಟು ಓಣಿ ಓಣಿಯಲ್ಲಿ ಹಾಡಿದವರು ಆ ಕಾಲದ ಜನಪ್ರಿಯ ಗಾಯಕರೇ.

ತಟ್ಟೆ ಹೋಗಿ ಕ್ಯಾಸೆಟ್ ಬಂದದ್ದು ದಾಸರ ಪಾಲಿಗೆ ದೊಡ್ಡ ತಿರುವು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು 1963ರಲ್ಲೇ ತಂದಿದ್ದರೂ ಕನ್ನಡದ ಹಾಡು ಅದರಲ್ಲಿ ಮೈಚಾಚಿದ್ದು ಎಪ್ಪತ್ತರ ದಶಕದ ಕೊನೆಗೆ. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ 'ನಿತ್ಯೋತ್ಸವ' 1978ರಲ್ಲಿ ಬಂದು ಭಾವಗೀತೆಯ ಪೇಟೆ ತೆರೆಯಿತು. ಅರವತ್ತು ನಿಮಿಷದ ಟೇಪು, ಅಗ್ಗದ ದರ, ಎಲ್ಲಿ ಬೇಕಾದರೂ ಕಾಪಿ. ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಷರೀಫರನ್ನು ಎತ್ತಿಕೊಂಡದ್ದು ಈ ಅಲೆಯಲ್ಲೇ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರವೂ ಬಂತು. ಅಂದರೆ ರಘು ದೀಕ್ಷಿತ್ ಗಿಟಾರು ಹಿಡಿದು ಷರೀಫರ ಹತ್ತಿರ ಹೋಗುವ ಹೊತ್ತಿಗೆ ಷರೀಫರನ್ನು ಹಾಡಾಗಿ ಎರಡು ದಶಕ ಕೇಳಿದ ಕಿವಿಗಳು ಸಿದ್ಧವಾಗಿದ್ದವು. ರಾಕ್ ಗಾಯಕ ಹೆಚ್ಚಾಗಿ ಗ್ರಂಥಾಲಯದಿಂದ ಹಾಡು ಹುಡುಕಿ ತರುವುದಿಲ್ಲ, ಬಾಲ್ಯದಲ್ಲಿ ಕೇಳಿದ ಟೇಪಿನಿಂದ ತರುತ್ತಾನೆ. ಅದು ತಪ್ಪೇನೂ ಅಲ್ಲ.

ದಾಸರ ಕಡೆ ಆ ಕೆಲಸ ಮಾಡಿದವರು ವಿದ್ಯಾಭೂಷಣರು. ಸುಬ್ರಹ್ಮಣ್ಯ ಮಠದ ಪೀಠದಲ್ಲಿದ್ದಾಗಲೇ ಕ್ಯಾಸೆಟ್ ಲೋಕದ ತಾರೆಯಾದ ಯತಿ. 1997ರಲ್ಲಿ ಸನ್ಯಾಸ ಬಿಟ್ಟು ಗೃಹಸ್ಥರಾದರು, ಕೇಳುವವರು ಅವರನ್ನು ಬಿಡಲಿಲ್ಲ. ಅವರ ಆತ್ಮಕಥೆಗೆ ಇಟ್ಟ ಹೆಸರು 'ನೆನಪೇ ಸಂಗೀತ'. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಬಸ್ಸುಗಳಲ್ಲಿ, ಗುರುವಾರದ ಹೋಟೆಲುಗಳಲ್ಲಿ, ಮದುವೆಯ ಮನೆಗಳ ಲೌಡ್‌ಸ್ಪೀಕರಿನಲ್ಲಿ ಅವರ ದನಿ ಇರುತ್ತಿತ್ತು. ಗೋಪಾಲದಾಸರ 'ರಥವನೇರಿದ' ಹಾಡನ್ನು ಬಾಯಿಪಾಠ ಬಲ್ಲವರಲ್ಲಿ ಎಷ್ಟು ಮಂದಿಗೆ ಅದು ದೇವದುರ್ಗದ ಸೀಮೆಯವರ ಪದವೆಂದು ಗೊತ್ತು? ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಫೋಟೊ ದೊಡ್ಡದು, ದಾಸರ ಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಉದ್ದದ ಕಷ್ಟವನ್ನೂ ಕ್ಯಾಸೆಟ್ಟು ಕಳೆಯಿತು. ಹರಿಕಥಾಮೃತಸಾರದ ಸಂಧಿಗಳು ಪೂರ್ತಿಯಾಗಿ ಮುದ್ರಣಕ್ಕೆ ಬರಲು ದಾರಿಯಾದದ್ದು ಆಮೇಲೆಯೇ.

ಆದರೆ ಕ್ಯಾಸೆಟ್ಟು ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯಿತು. ಮಾನ್ವಿಯ ನಮ್ಮ ಬಳಗದ ಹಿರಿಯ ಹೆಣ್ಣುಮಗಳೊಬ್ಬರ ಹಾಡಿನ ಪುಸ್ತಕ ನನ್ನ ಹತ್ತಿರ ಇದೆ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ್ದು, ಪುಟಗಳ ಬಲ ಮೂಲೆಯಲ್ಲಿ ಅರಿಸಿನದ ಬೆರಳ ಗುರುತು. ಲಕ್ಷ್ಮೀ ಶೋಭಾನೆ, ಉರುಟಣೆ, ಬೀಗರ ಹಾಡು, ನಡುನಡುವೆ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಅಂಕಿತದ ಪದಗಳು. ಪ್ರತಿ ಪದದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಧಾಟಿ ಬರೆದಿದೆ. ಕೆಲವಕ್ಕೆ ರಾಗದ ಹೆಸರು, ಕೆಲವಕ್ಕೆ 'ಲಿಂಗಸುಗೂರು ಅತ್ತೆ ಧಾಟಿ' ಅಂತ, ಐದಾರಕ್ಕೆ ನೇರವಾಗಿ ಸಿನಿಮಾ ಹಾಡಿನ ಹೆಸರು. ರಾಜಕುಮಾರ್ ಚಿತ್ರದ ಯುಗಳಗೀತೆಯ ಮಟ್ಟಿಗೆ ಜಗನ್ನಾಥದಾಸರ ಕೀರ್ತನೆ! ಮಡಿಯುಟ್ಟು ಕೂತ ಮುತ್ತೈದೆಯರು ಇದನ್ನು ಯಾವ ಅಳುಕೂ ಇಲ್ಲದೆ ಹಾಡುತ್ತಿದ್ದರು. ರಾಕ್ ಗಾಯಕ ಹಳೆಯ ಪದಕ್ಕೆ ಹೊಸ ಮಟ್ಟು ಹಚ್ಚಿದಾಗ ಪತ್ರಿಕೆಗೆ ಓಲೆ ಬರೆಯುವವರು ಈ ನೋಟ್‌ಬುಕ್ಕನ್ನು ಒಮ್ಮೆ ನೋಡಬೇಕು.

ಕ್ಯಾಸೆಟ್ಟು ಮನೆಗೆ ಬಂದ ಮೇಲೆ ಆ ಪುಸ್ತಕದ ಕೊನೆಯ ನಲವತ್ತು ಪುಟಗಳಲ್ಲಿ ಧಾಟಿಯ ಟಿಪ್ಪಣಿಯೇ ಇಲ್ಲ. ಬೇಕಿರಲಿಲ್ಲ. ಎಲ್ಲರೂ ಟೇಪಿನಲ್ಲಿದ್ದಂತೆ ಹಾಡತೊಡಗಿದ್ದರು. ಒಂದೇ ಪದವನ್ನು ದೇವದುರ್ಗದವರು ಒಂದು ಬಗೆ, ಮಾನ್ವಿಯವರು ಒಂದು ಬಗೆ ಹಾಡುತ್ತಿದ್ದ ಕಾಲ ಮೆಲ್ಲಗೆ ಮುಗಿಯಿತು. ಇದಕ್ಕಾಗಿ ವಿದ್ಯಾಭೂಷಣರನ್ನೋ ಭೀಮಸೇನರನ್ನೋ ದೂರುವುದು ಅನ್ಯಾಯ. ಅಷ್ಟು ಚೆನ್ನಾಗಿ ಹಾಡಿದರೆ ಯಾರು ತಾನೇ ಅನುಕರಿಸುವುದಿಲ್ಲ? ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸಲು ಲಿಂಗಸುಗೂರಿನಲ್ಲಿ ಗೊರೇಬಾಳ ಹನುಮಂತರಾಯರಿದ್ದರು. ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲ ಕಟ್ಟಿ, ಮನೆಮನೆಯ ಹಸ್ತಪ್ರತಿ ತಂದು ಪುಸ್ತಕ ಮಾಡಿದರು. ಅವರಿಂದಾಗಿ ಅಕ್ಷರ ಉಳಿಯಿತು. ದನಿಗೆ ಅಂಥ ಒಬ್ಬ ಹನುಮಂತರಾಯ ಸಿಗಲಿಲ್ಲ. 1956ರವರೆಗೆ ಈ ಜಿಲ್ಲೆ ಮೊದಲು ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಕನ್ನಡದ ತಟ್ಟೆ ಕಂಪನಿಗಳ ಕಣ್ಣು ಮೈಸೂರು, ಧಾರವಾಡಗಳ ಮೇಲೆ. ಕಲಬುರಗಿ ಆಕಾಶವಾಣಿ ಬಂದದ್ದು 1966ರಲ್ಲಿ, ರಾಯಚೂರಿನದು ಅದಕ್ಕೂ ಬಹಳ ತಡವಾಗಿ. ಅಷ್ಟರಲ್ಲಿ ಹಳೆಯ ಗಂಟಲುಗಳು ಎಷ್ಟೋ ನಿಂತುಹೋಗಿದ್ದವು.

ರಾಯಚೂರು ಪಟ್ಟಣಕ್ಕೆ ಸಂಗೀತವೇ ಹೊಸದು ಎಂದಲ್ಲ. ವಚನಗಾಯನದಲ್ಲಿ ಹೆಸರಾದ ಸಿದ್ಧರಾಮ ಜಂಬಲದಿನ್ನಿ ಈ ಜಿಲ್ಲೆಯವರು. ಊರಿನ ರಂಗಮಂದಿರಕ್ಕೆ ಅವರ ಹೆಸರೇ ಇದೆ. ನಾಟಕ, ಸನ್ಮಾನ, ರಾಜ್ಯೋತ್ಸವ ಎಲ್ಲವೂ 'ಜಂಬಲದಿನ್ನಿಯಲ್ಲಿ' ನಡೆಯುತ್ತವೆ. ಒಳಗೆ ಕೂತ ಕಾಲೇಜು ಹುಡುಗರನ್ನು ಅವರ ಯಾವ ಮುದ್ರಿಕೆ ಕೇಳಿದ್ದೀರಿ ಎಂದು ಕೇಳಿ ನೋಡಿ.

ಈಗಿನ ಯಂತ್ರದ ಅಳತೆ ಇನ್ನೂ ಬಿಗಿ. ರೀಲ್ಸ್ ಎಂದರೆ ಸಾಮಾನ್ಯವಾಗಿ ಮೂವತ್ತು ಸೆಕೆಂಡಿನ ಆಸುಪಾಸು. ಅಲ್ಲಿ ಉಳಿಯುವುದು ಪಲ್ಲವಿ ಒಂದೇ. ದಾಸರಿಗೆ ಇದರಿಂದ ಆಗುವ ಪೆಟ್ಟು ಬೇರೆ ಕವಿಗಳಿಗೆ ಆಗುವಂಥದ್ದಲ್ಲ, ಯಾಕೆಂದರೆ ದಾಸರ ಸಹಿ ಇರುವುದೇ ಕೊನೆಯ ಚರಣದಲ್ಲಿ. ಪುರಂದರವಿಠಲನೋ ವಿಜಯವಿಠಲನೋ ಗೋಪಾಲವಿಠಲನೋ, ಅಂಕಿತ ಕೇಳಿದರಷ್ಟೇ ಪದ ಯಾರದೆಂದು ತಿಳಿಯುವುದು. ಮೂರು ನಿಮಿಷದ ತಟ್ಟೆಯವರು ನಡುವಿನ ಚರಣ ಬಿಟ್ಟರೂ ಕೊನೆಯದನ್ನು ಉಳಿಸಿಕೊಳ್ಳುತ್ತಿದ್ದರು, ಅದು ಹಾಡುಗಾರಿಕೆಯ ಶಿಸ್ತು. ರೀಲು ಅಲ್ಲಿಗೆ ತಲುಪುವುದೇ ಇಲ್ಲ. ಹಾಡಿನ ಆ್ಯಪ್‌ಗಳಲ್ಲಿ ರಚನೆಕಾರರ ಜಾಗದಲ್ಲಿ ಎಷ್ಟೋ ಸಲ 'ಟ್ರೆಡಿಷನಲ್' ಎಂದಿರುತ್ತದೆ. ಅದೂ ಇಲ್ಲದಿದ್ದರೆ ಕನ್ನಡದ ದೇವರನಾಮವೆಲ್ಲ ಪುರಂದರದಾಸರ ಖಾತೆಗೆ. 'ಪವಮಾನ' ಪುರಂದರದಾಸರದೆಂದು ನನ್ನೊಡನೆ ಪಂಥ ಕಟ್ಟಿದವರಿದ್ದಾರೆ. ಕೊನೆಯ ಚರಣ ಹಾಡಿ ತೋರಿಸಿದ ಮೇಲೂ ಒಪ್ಪಲಿಲ್ಲ, ಅದು ಬೇರೆ ಮಾತು.

ಭತ್ತದ ಸುಗ್ಗಿಯಲ್ಲಿ ಮಾನ್ವಿ ರಸ್ತೆಗೆ ಬಂದರೆ ಈ ಸೀಮೆಯ ಇವತ್ತಿನ ಪಾಪ್ ಸಂಗೀತ ಕಿವಿಗಡಚಿಕ್ಕುವಂತೆ ಕೇಳುತ್ತದೆ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಎರಡು ಕರೀ ಡಬ್ಬಿ, ಅದರೊಳಗಿಂದ ಉತ್ತರ ಕರ್ನಾಟಕದ ಡಿಜೆ ಜಾನಪದ. ಡ್ರೈವರು, ಲವರು, ಮಾವನ ಮಗಳು. ಸ್ಟುಡಿಯೊ ಎಂದರೆ ಒಂದು ಕೋಣೆ, ಒಂದು ಲ್ಯಾಪ್‌ಟಾಪು. ಕಂಪನಿ ಎಂದರೆ ಯೂಟ್ಯೂಬಿನ ಒಂದು ಚಾನೆಲ್ಲು. ಇದನ್ನು ಕೀಳೆಂದು ತಳ್ಳುವವರ ಸಾಲಿನಲ್ಲಿ ನಾನಿಲ್ಲ. ಯಾವ ಲೇಬಲ್ಲಿನವರ ಬಾಗಿಲನ್ನೂ ತಟ್ಟದೆ ಹಾಡು ಊರೂರಿಗೆ ಮುಟ್ಟುತ್ತಿದೆ. ರಘು ದೀಕ್ಷಿತರಿಗೆ ಮೊದಲ ಆಲ್ಬಂ ತರಲು ಆದ ಕಷ್ಟ ಈ ಹುಡುಗರಿಗಿಲ್ಲ.

ಉದ್ದದ ಮಾತಿಗೆ ಬಂದರೆ, ಈಗ ಯಂತ್ರದ ಅಳತೆ ಅಡ್ಡಬರಬೇಕಿಲ್ಲ. ರೀಲು ಗಿಡ್ಡ, ಆದರೆ ಅದರ ಪಕ್ಕದಲ್ಲೇ ಯೂಟ್ಯೂಬಿನಲ್ಲಿ ಎಂಟು ತಾಸಿನ ಕಡತ ಹಾಕಿದರೂ ಯಾರೂ ಬೇಡವೆನ್ನುವುದಿಲ್ಲ. ಹರಿಕಥಾಮೃತಸಾರಕ್ಕೆ ಎಂಬತ್ತು ತಟ್ಟೆ ಬೇಕಿಲ್ಲ. ಭಾಮಿನಿಯ ಮೂರು–ನಾಲ್ಕರ ನಡೆ, ಅಂದರೆ ಏಳರ ಲಯ, ಒಳ್ಳೆಯ ಡ್ರಮ್ಮರನ ಕೈಗೆ ಸಿಕ್ಕರೆ ಏನಾಗಬಹುದೆಂದು ಊಹಿಸಲು ದೊಡ್ಡ ಕಲ್ಪನೆ ಬೇಡ. ಕುಮಾರವ್ಯಾಸನನ್ನು ಗಮಕಿಗಳು ಹಾಡುವುದನ್ನು ಕೇಳಿದವರಿಗೆ ಆ ಲಯ ಮೈಯಲ್ಲೇ ಇದೆ. ಸುಳಾದಿಯಂತೂ ತಂಡಕ್ಕೆಂದೇ ಕಟ್ಟಿದ ಹಾಗಿದೆ. ಧ್ರುವದ ಹದಿನಾಲ್ಕರಲ್ಲಿ ಬೇಸ್ ಗಿಟಾರಿನವನು ಒಬ್ಬನೇ ಶುರುಮಾಡಲಿ, ಮಟ್ಟಕ್ಕೆ ಡ್ರಮ್ಸು ಕೂಡಲಿ, ತ್ರಿಪುಟದ ಏಳಕ್ಕೆ ಬಂದಾಗ ಎಲ್ಲರೂ ಒಟ್ಟಿಗೆ, ಕೊನೆಯ ಜತೆಗೆ ವಾದ್ಯವೆಲ್ಲ ನಿಲ್ಲಲಿ. ಪದದ ಅರ್ಥ ಹೇಳಿಕೊಡಲು ಮಾನ್ವಿಯಲ್ಲಿ ಇನ್ನೂ ಮಂದಿ ಇದ್ದಾರೆ. ಹಕ್ಕುಸ್ವಾಮ್ಯದ ತೊಡಕೂ ಇಲ್ಲ: ಮುದ್ರಿಕೆಗೆ ನಮ್ಮ ಕಾನೂನಿನಲ್ಲಿ 60 ವರ್ಷದ ಹಕ್ಕು ಇರುವುದರಿಂದ ಯಾರದೋ ಕ್ಯಾಸೆಟ್ಟನ್ನು ಎತ್ತಿ ಬಳಸಬಾರದು ಅಷ್ಟೇ, ವಿಜಯದಾಸರ ಸಾಹಿತ್ಯ ಎಲ್ಲರದು. ಸುಳಾದಿಯ ಹಳೆಯ ಮಟ್ಟು ಬಹುಪಾಲು ಕಳೆದುಹೋಗಿರುವುದರಿಂದ ಹೊಸದು ಕೂಡಿಸಿದರೆ ಕೆಟ್ಟಿತೆಂದು ಗದರಿಸಲು ಯಾರ ಹತ್ತಿರವೂ ಮೂಲಪ್ರತಿ ಇಲ್ಲ.

ಪ್ರತಿವರ್ಷ ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರ ಆರಾಧನೆ. ಚೀಕಲಪರವಿಯಲ್ಲಿ ಅಂದು ಊರೂರ ಭಜನಾ ಮಂಡಳಿಗಳು ಸೇರುತ್ತವೆ, ಹಳೆಯ ಧಾಟಿ ಬಲ್ಲ ಮುದುಕಿಯರೂ ಬರುತ್ತಾರೆ. ಒಂದು ಒಳ್ಳೆಯ ಮೈಕು, ಒಂದು ರೆಕಾರ್ಡರು ಹಿಡಿದು ಹೋಗುವ ತಂಡವಿದ್ದರೆ ರಾಯಚೂರಿನಿಂದ ಮಾನ್ವಿಗೆ ಬಸ್ಸಿಗೇನೂ ಬರವಿಲ್ಲ.